ಗಣಕಕ್ಕೆ ತಿಳಿಯದ ರನ್‌ವೇ

ದಾವಣಗೆರೆ ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ತಾಲ್ಲೂಕುಗಳ ಜನರಿಗೆ ಸಮೀಪವಿರುವುದು ಶಿವಮೊಗ್ಗದ ಸೋಗಾನೆ ನಿಲ್ದಾಣ. ಜಗಳೂರಿನವರಿಗೆ ಅದೂ ದೂರವೇ. 2023ರ ಫೆಬ್ರುವರಿ 27ರಂದು ಉದ್ಘಾಟನೆಗೊಂಡ ಈ ನಿಲ್ದಾಣಕ್ಕೆ ಬೆಂಗಳೂರಿನಿಂದ ಮೊದಲ ವಾಣಿಜ್ಯ ವಿಮಾನ ಬಂದಿಳಿದದ್ದು ಅದೇ ವರ್ಷದ ಆಗಸ್ಟ್ 31ರಂದು.

ಆದರೆ ರನ್‌ವೇ ಸಿದ್ಧವಾದ ಮಾತ್ರಕ್ಕೆ ಅದು ವಿಮಾನದ 'ಫ್ಲೈಟ್ ಮ್ಯಾನೇಜ್‌ಮೆಂಟ್ ಕಂಪ್ಯೂಟರ್'ಗೆ ತಿಳಿಯದು. ಅಕ್ಷಾಂಶ, ರೇಖಾಂಶ, ಇಳಿಯುವ ಮಾರ್ಗ ಮೊದಲಾದವನ್ನು ವಿಮಾನ ನಿಲ್ದಾಣ ಪ್ರಾಧಿಕಾರ ಪ್ರಕಟಿಸಬೇಕು. ದತ್ತಾಂಶ ಸಂಸ್ಥೆಗಳು ಅದನ್ನು ಗಣಕದ ಭಾಷೆಗೆ ಇಳಿಸಬೇಕು. 28 ದಿನಗಳಿಗೊಮ್ಮೆ ಹೊಸ ಮಾಹಿತಿ ವಿಮಾನವನ್ನು ಸೇರುತ್ತದೆ. ಹಳೆಯ ಗಣಕಗಳ ಸ್ಮರಣ ಸಾಮರ್ಥ್ಯ ಕಡಿಮೆ. ಹೀಗಾಗಿ ತಾವು ಹಾರಾಟ ನಡೆಸದ ನಿಲ್ದಾಣಗಳನ್ನು ವಿಮಾನ ಕಂಪನಿಗಳು ಕೈಬಿಡುವುದೂ ಉಂಟು.

ಮಾಹಿತಿ ಇಲ್ಲದಿರುವುದಕ್ಕಿಂತಲೂ ಇದೆಯೆಂದು ಭಾವಿಸುವುದೇ ಹೆಚ್ಚು ಅಪಾಯಕಾರಿ. 1995ರ ಡಿಸೆಂಬರ್ 20ರ ರಾತ್ರಿ ಕೊಲಂಬಿಯದ ಕಾಲಿ ನಗರದತ್ತ ಇಳಿಯುತ್ತಿದ್ದ ಅಮೆರಿಕನ್ ಏರ್‌ಲೈನ್ಸ್‌ನ ಬೋಯಿಂಗ್ 757ರಲ್ಲಿ ಪೈಲಟ್‌ಗಳು 'ರೋಜೋ' ರೇಡಿಯೊ ಕೇಂದ್ರಕ್ಕಾಗಿ 'ಆರ್' ಅಕ್ಷರ ಒತ್ತಿದರು. ಕಾಗದದ ನಕ್ಷೆಯಲ್ಲಿ ಅದರ ಗುರುತು 'ಆರ್' ಎಂದೇ ಇತ್ತು. ಗಣಕದಲ್ಲಿ ಮಾತ್ರ ಪೂರ್ಣ ಹೆಸರು ಟೈಪ್ ಮಾಡಿದರಷ್ಟೇ ಸಿಗುತ್ತಿತ್ತು! ಗಣಕ ಆರಿಸಿಕೊಂಡದ್ದು ಬೊಗೋಟಾ ಬಳಿಯ 'ರೋಮಿಯೊ' ಕೇಂದ್ರವನ್ನು. ವಿಮಾನ ಎಡಕ್ಕೆ ಹೊರಳಿತು. ತಪ್ಪು ತಿಳಿದು ಮರಳುವಷ್ಟರಲ್ಲಿ ಪರ್ವತಕ್ಕೆ ಅಪ್ಪಳಿಸಿತು. 163 ಮಂದಿಯಲ್ಲಿ ಬದುಕುಳಿದವರು ನಾಲ್ವರು.

ಉಪಗ್ರಹ ಆಧಾರಿತ ಇಳಿಯುವ ಮಾರ್ಗವನ್ನು ಈಗ ಪೈಲಟ್ ಬಿಂದು ಬಿಂದುವಾಗಿ ಕೈಯಿಂದ ತುಂಬುವಂತಿಲ್ಲ. ಅದು ಇಡಿಯಾಗಿ ಗಣಕದಲ್ಲೇ ಇರಬೇಕು. ಇಲ್ಲವಾದರೆ ಬೇರೆ ವಿಧಾನ ಅನುಸರಿಸಬೇಕು, ಅದೂ ಸಾಧ್ಯವಾಗದಿದ್ದರೆ ಬೇರೆ ನಿಲ್ದಾಣಕ್ಕೆ ಹೋಗಬೇಕು.