ಬಾರದ ಕರೆಗಳು

1957ರಲ್ಲಿ ಎಂಟು ಮಂದಿ ತರುಣ ವಿಜ್ಞಾನಿಗಳು, ಟ್ರಾನ್ಸಿಸ್ಟರಿಗಾಗಿ ನೊಬೆಲ್ ಪಡೆದಿದ್ದ ವಿಲಿಯಂ ಶಾಕ್ಲಿಯ ಪ್ರಯೋಗಾಲಯವನ್ನು ಒಟ್ಟಿಗೇ ತೊರೆದು ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಟ್ಟಿದರು. 'ದ್ರೋಹಿಗಳು' ಎಂಬ ಬಿರುದೂ ಅವರಿಗೆ ಅಂಟಿತು. ಅವರಲ್ಲಿ ರಾಬರ್ಟ್ ನಾಯ್ಸ್ ಮತ್ತು ಗಾರ್ಡನ್ ಮೂರ್ 1968ರಲ್ಲಿ ಅದನ್ನೂ ಬಿಟ್ಟು ಇಂಟೆಲ್ ಸ್ಥಾಪಿಸಿದರು. ಕ್ಯಾಲಿಫೋರ್ನಿಯಾದ ಸಿಲಿಕಾನ್ ಕಣಿವೆ ಬೆಳೆದದ್ದೇ ಹೀಗೆ ಎದ್ದು ಹೋದವರಿಂದ. 1872ರಷ್ಟು ಹಳೆಯ ಕಾನೂನೂ ಅವರ ಬೆನ್ನಿಗಿತ್ತು: ಕೆಲಸ ಬಿಟ್ಟವನು ಪ್ರತಿಸ್ಪರ್ಧಿಯ ಬಳಿ ಸೇರಕೂಡದೆಂಬ ಕರಾರು ಆ ರಾಜ್ಯದಲ್ಲಿ ಊರ್ಜಿತವಲ್ಲ.

ನೌಕರನನ್ನು ಕಟ್ಟಿಹಾಕಲು ಕಾನೂನು ಬಿಡದು, ಸರಿ. ಮಾಲೀಕರೇ ತಮ್ಮತಮ್ಮಲ್ಲಿ ಮಾತಾಡಿಕೊಂಡರೆ?

2005ರಿಂದ ಮುಂದೆ ಆದದ್ದು ಅದೇ. ಆಪಲ್ ಮತ್ತು ಗೂಗಲ್, ಆಪಲ್ ಮತ್ತು ಅಡೋಬಿ, ಗೂಗಲ್ ಮತ್ತು ಇಂಟೆಲ್ (ಹೌದು, ಅದೇ ಇಂಟೆಲ್) ಜೋಡಿಜೋಡಿಯಾಗಿ ಒಳಒಪ್ಪಂದ ಮಾಡಿಕೊಂಡವು. ಪರಸ್ಪರರ ಸಿಬ್ಬಂದಿಗೆ ತಾವಾಗಿ ಫೋನು ಮಾಡಿ ಕೆಲಸಕ್ಕೆ ಕರೆಯಕೂಡದು. ಬರೀ ಫೋನು ತಾನೇ, ಎನ್ನಬೇಡಿ. ತನ್ನ ಪಾಡಿಗೆ ದುಡಿಯುತ್ತಿದ್ದವನಿಗೆ ಪೇಟೆಯಲ್ಲಿ ತನ್ನ ಬೆಲೆ ಎಷ್ಟೆಂದು ತಿಳಿಯುವುದೇ ಅಂಥ ಕರೆಯಿಂದ. ಹೋಗದಿದ್ದರೂ ಅದನ್ನು ತೋರಿಸಿ ಸಂಬಳ ಏರಿಸಿಕೊಳ್ಳಬಹುದು. ಅವನಿಗೆ ಏರಿದರೆ ಪಕ್ಕದ ಮೇಜಿನವನೂ ಕೇಳುತ್ತಾನೆ. ಕರೆ ಬಾರದಿದ್ದರೆ, ಬರಲಿಲ್ಲವೆಂಬುದೇ ಅವನಿಗೆ ಗೊತ್ತಾಗುವುದಿಲ್ಲ. ಈ ಒಪ್ಪಂದದ ಜಾಣತನ ಇರುವುದು ಅಲ್ಲೇ.

2007ರ ಮಾರ್ಚಿನಲ್ಲಿ ಗೂಗಲ್‌ನ ನೇಮಕಾತಿ ವಿಭಾಗದವರೊಬ್ಬರು ಆಪಲ್‌ನ ಎಂಜಿನಿಯರೊಬ್ಬರಿಗೆ ಇ-ಮೇಲ್ ಕಳಿಸಿದರು. ಸ್ಟೀವ್ ಜಾಬ್ಸ್ ಕೂಡಲೇ ಗೂಗಲ್ ಮುಖ್ಯಸ್ಥ ಎರಿಕ್ ಸ್ಮಿತ್‌ಗೆ ದೂರಿತ್ತರು. ಸ್ಮಿತ್ ಆಗ ಆಪಲ್‌ನ ನಿರ್ದೇಶಕ ಮಂಡಳಿಯಲ್ಲೂ ಇದ್ದರು! ಬರೆದವರನ್ನು ವಜಾ ಮಾಡುತ್ತಿದ್ದೇವೆಂದು ಗೂಗಲ್ ಕಡೆಯಿಂದ ಉತ್ತರ ಬಂತು. ಅದನ್ನು ತಮ್ಮವರಿಗೆ ರವಾನಿಸುತ್ತ ಜಾಬ್ಸ್ ಸೇರಿಸಿದ್ದು ಒಂದು ನಗುಮುಖದ ಚಿಹ್ನೆ ಮಾತ್ರ.

ಎಲ್ಲರೂ ಬಗ್ಗಲಿಲ್ಲ. ಅದೇ ವರ್ಷ ಪಾಮ್ ಕಂಪೆನಿಯ ಎಡ್ ಕಾಲಿಗನ್, ಇದು ತಪ್ಪು, ಪ್ರಾಯಶಃ ಕಾನೂನುಬಾಹಿರವೂ ಹೌದೆಂದು ಜಾಬ್ಸ್‌ಗೆ ಬರೆದು ಕಳಿಸಿದರು.

2010ರಲ್ಲಿ ಅಮೆರಿಕದ ನ್ಯಾಯ ಇಲಾಖೆ ದಾವೆ ಹೂಡಿತು. ಕಂಪೆನಿಗಳು ಇನ್ನು ಹೀಗೆ ಮಾಡುವುದಿಲ್ಲವೆಂದು ರಾಜಿಯಾದವು, ದಂಡ ಬೀಳಲಿಲ್ಲ. ಮರುವರ್ಷ ನೌಕರರೇ ಕೋರ್ಟಿಗೆ ಹೋದರು. ಸುಮಾರು 64,000 ಮಂದಿಯ ಪರವಾದ ಮೊಕದ್ದಮೆ ಅದು. ಆಪಲ್, ಗೂಗಲ್, ಇಂಟೆಲ್, ಅಡೋಬಿ ಮುಂದಿಟ್ಟ 32.45 ಕೋಟಿ ಡಾಲರ್ ಸಾಲದೆಂದು ನ್ಯಾಯಾಧೀಶೆ ಲೂಸಿ ಕೋ 2014ರಲ್ಲಿ ತಳ್ಳಿಹಾಕಿದರು. 2015ರಲ್ಲಿ 41.5 ಕೋಟಿಗೆ ಒಪ್ಪಿಗೆ ದೊರೆಯಿತು. ತಲೆಗೆ ಆರೂವರೆ ಸಾವಿರ ಡಾಲರಿನಷ್ಟು, ವಕೀಲರ ಫೀಜು ಕಳೆಯುವ ಮುನ್ನ.