ಪಿಯಾನೊ ಅಭ್ಯಾಸ: ಗ್ರ್ಯಾಂಡ್ ಮತ್ತು ಡಿಜಿಟಲ್

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕಲಿಯುವವರ ಮನೆಯಲ್ಲಿ ಇಂದು ಸಾಮಾನ್ಯವಾಗಿ ಕಾಣುವುದು ಡಿಜಿಟಲ್ ಪಿಯಾನೊ. ಕಛೇರಿಯ ವೇದಿಕೆಯಲ್ಲಿ, ದೊಡ್ಡ ಸ್ಪರ್ಧೆಗಳಲ್ಲಿ ಅವರಿಗೆ ಎದುರಾಗುವುದು ಗ್ರ್ಯಾಂಡ್ ಪಿಯಾನೊ. ಎರಡರಲ್ಲೂ 88 ಕೀಗಳೇ, ಅಳತೆಯೂ ಒಂದೇ. ಒಂದರಲ್ಲಿ ಕಲಿತ ಪಾಠ ಇನ್ನೊಂದರಲ್ಲಿ ನುಡಿಯುತ್ತದೆ. ಆದರೆ ಗ್ರ್ಯಾಂಡ್‌ನಲ್ಲಿ ನಾದ ಹುಟ್ಟುವುದು ತಂತಿ ಮತ್ತು ಮರದಿಂದ, ಡಿಜಿಟಲ್‌ನಲ್ಲಿ ನೆನಪುಕೋಶದಲ್ಲಿ ಕೂಡಿಟ್ಟ ಧ್ವನಿಯಿಂದ ಅಥವಾ ಗಣಿತದ ಮಾದರಿಯಿಂದ. ಸ್ವರ, ತಾಳ, ಬೆರಳು, ನೆನಪು ಇವುಗಳ ಅಭ್ಯಾಸಕ್ಕೆ ಎರಡೂ ಸಾಕು. ನಾದವನ್ನು ರೂಪಿಸುವ ಅಭ್ಯಾಸ, ಅದರಲ್ಲೂ ಪೆಡಲ್‌ನ ಅಭ್ಯಾಸ, ಗ್ರ್ಯಾಂಡ್ ಮೇಲೆ ಮಾತ್ರ ಪೂರ್ತಿಯಾಗುತ್ತದೆ.

ಗ್ರ್ಯಾಂಡ್‌ನ ಯಂತ್ರ

ಪಿಯಾನೊವನ್ನು ಮೊದಲು ಮಾಡಿದವನು ಫ್ಲಾರೆನ್ಸ್‌ನ ಮೆಡಿಚಿ ಆಸ್ಥಾನದಲ್ಲಿದ್ದ ಬಾರ್ತೊಲೊಮಿಯೊ ಕ್ರಿಸ್ಟೊಫೊರಿ, ಸುಮಾರು 1700ರಲ್ಲಿ. ಅವನು ಮಾಡಿದ ಮೂರು ಪಿಯಾನೊಗಳು ಈಗಲೂ ಉಳಿದಿವೆ. 1720ರದ್ದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಅದಕ್ಕೆ ಮುಂಚಿನ ಕೀಲಿಮಣೆ ವಾದ್ಯವಾದ ಹಾರ್ಪ್ಸಿಕಾರ್ಡ್‌ನಲ್ಲಿ ತಂತಿಯನ್ನು ಮೀಟುವುದರಿಂದ ಬೆರಳಿನ ಬಲಕ್ಕೆ ತಕ್ಕಂತೆ ದನಿ ಏರಿಳಿಯುತ್ತಿರಲಿಲ್ಲ. ಕ್ರಿಸ್ಟೊಫೊರಿ ಮೀಟುವ ಬದಲು ಸುತ್ತಿಗೆಯಿಂದ ಬಡಿಯುವ ಏರ್ಪಾಡು ಮಾಡಿದ. ಬಡಿದ ಸುತ್ತಿಗೆ ತಂತಿಗೆ ಅಂಟಿ ನಿಲ್ಲದೆ ಕೂಡಲೇ ಹಿಂದೆ ಸರಿಯುವಂತೆಯೂ ಮಾಡಿದ. ವಾದ್ಯದ ಇಡೀ ಚರಿತ್ರೆ ಈ ಎರಡನೆಯ ಅಂಶದ ಸುಧಾರಣೆಯೇ ಎಂದರೂ ತಪ್ಪಿಲ್ಲ.

ಈಗಿನ ಗ್ರ್ಯಾಂಡ್‌ನಲ್ಲಿ ಕೀ ಕೆಳಗಿಳಿಯುವುದು ಸುಮಾರು 10 ಮಿಲಿಮೀಟರ್. ಅಷ್ಟರಲ್ಲಿ ಸುತ್ತಿಗೆ ಸುಮಾರು 45 ಮಿಲಿಮೀಟರ್ ಮೇಲೇರುತ್ತದೆ. ತಂತಿ ಇನ್ನೊಂದೆರಡು ಮಿಲಿಮೀಟರ್ ದೂರದಲ್ಲಿದೆ ಎನ್ನುವಾಗ, ಅದುವರೆಗೆ ಸುತ್ತಿಗೆಯನ್ನು ನೂಕುತ್ತಿದ್ದ ಜ್ಯಾಕ್ ಎಂಬ ಸಣ್ಣ ತುಂಡು ಪಕ್ಕಕ್ಕೆ ಜಾರುತ್ತದೆ. ಅಲ್ಲಿಂದ ಮುಂದೆ ಸುತ್ತಿಗೆ ಯಾರ ಅಂಕೆಯಲ್ಲೂ ಇಲ್ಲ. ಪಡೆದ ವೇಗದಲ್ಲೇ ಹಾರಿ, ತಂತಿಗೆ ತಾಗಿ, ಹಿಂದಿರುಗುತ್ತದೆ. ಕೀಯನ್ನು ಬಹಳ ನಿಧಾನವಾಗಿ ಒತ್ತಿದರೆ ತಳ ಮುಟ್ಟುವ ಮುಂಚೆ ಬೆರಳಿಗೆ ಸಣ್ಣದೊಂದು ತಡೆ ತಾಗುತ್ತದೆ. ಅದೇ ಜ್ಯಾಕ್ ಜಾರುವ ಜಾಗ. ಅನುಭವಿ ವಾದಕರು ಅತಿ ಮೆಲುದನಿಯ ಸ್ವರಗಳನ್ನು ಈ ತಡೆಯ ಅಂಚನ್ನು ಅಂದಾಜಿಸಿಯೇ ನುಡಿಸುತ್ತಾರೆ.

1821ರಲ್ಲಿ ಎರಾರ್ ಸಂಸ್ಥೆ ಪೇಟೆಂಟ್ ಪಡೆದ ಇಮ್ಮಡಿ ಎಸ್ಕೇಪ್‌ಮೆಂಟ್ ಗ್ರ್ಯಾಂಡ್‌ಗೆ ಇನ್ನೊಂದು ಶಕ್ತಿ ಕೊಟ್ಟಿತು. ಬಡಿದ ಸುತ್ತಿಗೆ ಪೂರ್ತಿ ಕೆಳಕ್ಕೆ ಬೀಳದೆ ನಡುವೆಯೇ ನಿಲ್ಲುತ್ತದೆ. ಕೀ ಸ್ವಲ್ಪವೇ ಮೇಲೆದ್ದರೂ ಜ್ಯಾಕ್ ಮತ್ತೆ ಅದರಡಿಗೆ ಬಂದು ಕೂರುತ್ತದೆ. ಕೀಯನ್ನು ಪೂರ್ತಿ ಬಿಡದೆಯೇ ಅದೇ ಸ್ವರವನ್ನು ಮತ್ತೆ ನುಡಿಸಬಹುದು. ಲಿಸ್ಟ್‌ನ ‘ಲಾ ಕಂಪನೆಲ್ಲಾ’, ರವೆಲ್‌ನ ‘ಸ್ಕಾರ್ಬೊ’ (1908) ಮುಂತಾದ ಕೃತಿಗಳಲ್ಲಿ ಒಂದೇ ಸ್ವರ ಬಿರುಸಾಗಿ ಮರುಕಳಿಸುವ ಕಡೆಗಳು ಈ ಏರ್ಪಾಡನ್ನು ನಂಬಿಯೇ ಬರೆದಂಥವು. ನೆಟ್ಟಗೆ ನಿಲ್ಲುವ ಅಪ್‌ರೈಟ್ ಪಿಯಾನೊದಲ್ಲಿ ಸುತ್ತಿಗೆ ಅಡ್ಡಡ್ಡಲಾಗಿ ಚಲಿಸುವುದರಿಂದ ಈ ಅನುಕೂಲ ಇಲ್ಲ. ಹಾಗಾಗಿ ಡಿಜಿಟಲ್ ಅನ್ನು ಗ್ರ್ಯಾಂಡ್‌ಗೆ ಹೋಲಿಸುವ ಮಾತನ್ನು ಅಪ್‌ರೈಟ್‌ಗೂ ಹಾಗೆಯೇ ಅನ್ವಯಿಸಬಾರದು.

ಗ್ರ್ಯಾಂಡ್‌ನಲ್ಲಿ ಒಟ್ಟು ಸುಮಾರು 230 ತಂತಿಗಳು. ಮಂದ್ರದ ತುದಿಯ ಸ್ವರಗಳಿಗೆ ಒಂದೊಂದು, ಅದರ ಮೇಲಿನವಕ್ಕೆ ಎರಡೆರಡು, ಮಧ್ಯ ಮತ್ತು ತಾರದಲ್ಲಿ ಮೂರು ಮೂರು. ಇವೆಲ್ಲ ಸೇರಿ ಎರಕದ ಕಬ್ಬಿಣದ ಚೌಕಟ್ಟಿನ ಮೇಲೆ ಹಾಕುವ ಎಳೆತ 20 ಟನ್ ಆಸುಪಾಸು. ಕಛೇರಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಸ್ಟೈನ್‌ವೇ ‘ಡಿ’ ಮಾದರಿ 274 ಸೆಂಟಿಮೀಟರ್ ಉದ್ದ, ತೂಕ ಸುಮಾರು 480 ಕಿಲೊ. ತಂತಿಯ ಕಂಪನ ಸ್ಪ್ರೂಸ್ ಮರದ ತೆಳುವಾದ ಫಲಕಕ್ಕೆ ಇಳಿದು ಅಲ್ಲಿಂದ ಕೋಣೆಗೆ ಹರಡುತ್ತದೆ. ಆ ಫಲಕದ ನಡುಕ ನೆಲದಿಂದ ಕಾಲಿಗೂ ಕೀಯಿಂದ ಬೆರಳಿಗೂ ತಾಗುತ್ತದೆ.

ಡಿಜಿಟಲ್‌ನ ಬೆಳವಣಿಗೆ

ಮಿಡಿ ಎಂಬ ಸಂಕೇತ ಪದ್ಧತಿ ಬಂದದ್ದೂ ಯಮಹಾ ತನ್ನ ಕ್ಲಾವಿನೊವಾ ಸರಣಿಯನ್ನು ಹೊರತಂದದ್ದೂ ಒಂದೇ ವರ್ಷ, 1983ರಲ್ಲಿ. ಮಾರನೆಯ ವರ್ಷ ಮಾರುಕಟ್ಟೆಗೆ ಬಂದ ಕರ್ಜ್‌ವೈಲ್ ಕೆ250, ನಿಜವಾದ ಗ್ರ್ಯಾಂಡ್‌ನ ಧ್ವನಿಮುದ್ರಿಕೆಯಿಂದ ನಾದ ಹೊರಡಿಸಿ ಹೆಸರು ಮಾಡಿತು. ಇದಕ್ಕೆ ಸ್ಯಾಂಪ್ಲಿಂಗ್ ಎನ್ನುತ್ತಾರೆ: ಸ್ವರಗಳನ್ನು ಮೆಲ್ಲಗೆ, ಮಧ್ಯಮವಾಗಿ, ಜೋರಾಗಿ ನುಡಿಸಿ ಮುದ್ರಿಸಿಕೊಂಡು, ಕೀ ಇಳಿದ ವೇಗಕ್ಕೆ ಹೊಂದುವ ಮುದ್ರಿಕೆಯನ್ನು ಕೇಳಿಸುವುದು. ವೇಗವನ್ನು ಅಳೆಯುವುದು ಕೀಯಡಿಯ ಸಂವೇದಕಗಳು. ಮಿಡಿಯಲ್ಲಿ ಈ ವೇಗಕ್ಕೆ 1ರಿಂದ 127ರವರೆಗೆ ಅಂಕಿ ಕೊಡುತ್ತಾರೆ. ಇನ್ನೊಂದು ಬಗೆಯಲ್ಲಿ ಮುದ್ರಿಕೆಯೇ ಇರುವುದಿಲ್ಲ. ತಂತಿ, ಸುತ್ತಿಗೆ, ಫಲಕಗಳ ವರ್ತನೆಯನ್ನು ಆಯಾ ಕ್ಷಣದಲ್ಲೇ ಲೆಕ್ಕ ಹಾಕಿ ಧ್ವನಿ ಹುಟ್ಟಿಸುತ್ತಾರೆ. ರೋಲೆಂಡ್‌ನ ವಿ-ಪಿಯಾನೊ (2009), ಫ್ರಾನ್ಸಿನ ಪಿಯಾನೊಟೆಕ್ ತಂತ್ರಾಂಶ ಈ ಬಗೆಯವು.

ಸದ್ದಿಲ್ಲದ ಅಭ್ಯಾಸ ಡಿಜಿಟಲ್ ಯುಗದ ಕಲ್ಪನೆಯೇನಲ್ಲ. ಬೆರಳಿನ ಕಸರತ್ತಿಗೆಂದೇ ತಂತಿಯಿಲ್ಲದ ಮೂಕ ಕೀಲಿಮಣೆಗಳು 19ನೆಯ ಶತಮಾನದಲ್ಲಿ ಮಾರಾಟಕ್ಕಿದ್ದವು. ಅಮೆರಿಕದ ಎ. ಕೆ. ವರ್ಜಿಲ್ ಮಾಡಿದ ‘ವರ್ಜಿಲ್ ಪ್ರಾಕ್ಟೀಸ್ ಕ್ಲೇವಿಯರ್’ ಅವುಗಳಲ್ಲಿ ಪ್ರಸಿದ್ಧ. ಅಕ್ಕಪಕ್ಕದವರ ನಿದ್ದೆಯ ಚಿಂತೆ ಆಗಲೂ ಇತ್ತು.

ಬೆರಳಿಗೆ ತಿಳಿಯುವ ವ್ಯತ್ಯಾಸ

ಕೊಳ್ಳುವವರು ಅಂಗಡಿಯಲ್ಲಿ ಮೊದಲು ಕೇಳುವುದು ಕೀ ಭಾರವಾಗಿದೆಯೇ ಎಂದು. ಭಾರ ದೊಡ್ಡ ತೊಡಕಲ್ಲ. ಈಗಿನ ಒಳ್ಳೆಯ ಡಿಜಿಟಲ್‌ಗಳಲ್ಲಿ ಮಂದ್ರದ ಕೀ ತುಸು ಭಾರ, ತಾರದ ಕೀ ತುಸು ಹಗುರ ಇರುವಂತೆ ಮಾಡಿರುತ್ತಾರೆ. ಜ್ಯಾಕ್ ಜಾರುವ ಆ ಸಣ್ಣ ತಡೆಯನ್ನೂ ಅನುಕರಿಸಿರುತ್ತಾರೆ. ತೊಡಕಿರುವುದು ಕೀಯ ಉದ್ದದಲ್ಲಿ. ಗ್ರ್ಯಾಂಡ್‌ನ ಕೀ ಕಣ್ಣಿಗೆ ಕಾಣುವ ಭಾಗಕ್ಕಿಂತ ಬಹಳ ಉದ್ದವಾಗಿದ್ದು, ಅದು ತೂಗುವ ಬಿಂದು ಮುಚ್ಚಳದ ಹಿಂದೆ ಒಳಗಿರುತ್ತದೆ. ಅಗ್ಗದ ಡಿಜಿಟಲ್‌ನಲ್ಲಿ ಈ ಬಿಂದು ಮುಂದಕ್ಕೆ ಬಂದಿರುತ್ತದೆ. ಬಿಳಿ ಕೀಯ ತುದಿಯಲ್ಲಿ ನುಡಿಸುವಾಗ ಇದು ಗೊತ್ತಾಗುವುದಿಲ್ಲ. ಶೊಪೆನ್‌ನ ಜಿ-ಫ್ಲಾಟ್ ಮೇಜರ್ ಎಟ್ಯೂಡ್ (ಓಪಸ್ 10, ಸಂಖ್ಯೆ 5) ಎತ್ತಿಕೊಂಡರೆ ಬಲಗೈ ಬಹುತೇಕ ಪೂರ್ತಿ ಕಪ್ಪು ಕೀಗಳ ಮೇಲೆಯೇ ಓಡಬೇಕು. ಕೈ ಒಳಕ್ಕೆ ಸರಿದಷ್ಟೂ ಸನ್ನೆಯ ತೋಳು ಗಿಡ್ಡವಾಗಿ ಕೀ ಬಿಗಿಯಾಗುತ್ತದೆ; ಬೇರೆ ಕೃತಿಗಳಲ್ಲಿ ಹೆಬ್ಬೆರಳು ಕಪ್ಪು ಕೀಗಳ ನಡುವೆ ಇಳಿಯುವ ಕಡೆಗಳಲ್ಲಂತೂ ಸ್ವರ ಬಿಟ್ಟುಹೋಗುತ್ತದೆ. ವಿದ್ಯಾರ್ಥಿ ಅದನ್ನು ತನ್ನ ಬೆರಳಿನ ದೌರ್ಬಲ್ಯವೆಂದು ತಿಳಿದು ಇನ್ನಷ್ಟು ಬಲ ಹಾಕುತ್ತಾನೆ, ಮಣಿಕಟ್ಟು ಬಿಗಿಯುತ್ತದೆ. ವಾದ್ಯದ ಕೊರತೆ ಕೈಯ ಚಾಳಿಯಾಗುವುದು ಹೀಗೆ.

ಎರಡನೆಯ ಅಪಾಯ ವಾಲ್ಯೂಮ್ ಗುಂಡಿಯದು. ಗ್ರ್ಯಾಂಡ್‌ನಲ್ಲಿ ದನಿಯ ಪ್ರಮಾಣ ಬೆರಳಿನ ಹೊಣೆ. ಡಿಜಿಟಲ್‌ನಲ್ಲಿ ಆ ಹೊಣೆಯನ್ನು ಗುಂಡಿಯೂ ಹಂಚಿಕೊಳ್ಳುತ್ತದೆ. ಮನೆಯವರಿಗೆ ತೊಂದರೆಯಾಗದಿರಲೆಂದು ದನಿ ತಗ್ಗಿಸಿಟ್ಟು ತಿಂಗಳುಗಟ್ಟಲೆ ಅಭ್ಯಾಸ ಮಾಡಿದವರ ಕೈ ತಾನಾಗಿ ಗಡುಸಾಗುತ್ತದೆ. ವೇದಿಕೆಯ ಗ್ರ್ಯಾಂಡ್ ಮೇಲೆ ಆ ಕೈ ಬಡಿತವಾಗಿ ಕೇಳುತ್ತದೆ. ದನಿ ಏರಿಸಿಟ್ಟು ಅಭ್ಯಾಸ ಮಾಡಿದವರ ಕೈ ತೆಳ್ಳಗಾಗಿ, ಅವರ ದನಿ ಸಭಾಂಗಣದ ಹಿಂದಿನ ಸಾಲಿಗೆ ಮುಟ್ಟುವುದಿಲ್ಲ. ಗುಂಡಿಯನ್ನು ಒಂದು ಹದಕ್ಕೆ ಇಟ್ಟು ಮತ್ತೆ ಮುಟ್ಟದಿರುವುದು ಇದಕ್ಕೆ ಸುಲಭದ ಪರಿಹಾರ.

ಕಿವಿಗೆ ತಿಳಿಯುವ ವ್ಯತ್ಯಾಸ

ಡಿಜಿಟಲ್ ಪಿಯಾನೊದಲ್ಲಿ ಕೆಟ್ಟ ನಾದ ಹೊರಡಿಸುವುದು ಕಷ್ಟ. ಅದರೊಳಗಿರುವುದು ನುರಿತ ಟ್ಯೂನರ್ ಶ್ರುತಿ ಮಾಡಿದ, ಒಳ್ಳೆಯ ಸ್ಟುಡಿಯೊದಲ್ಲಿ ಮುದ್ರಿಸಿದ ಪಿಯಾನೊ. ಹೇಗೆ ಒತ್ತಿದರೂ ಚೆನ್ನಾಗಿಯೇ ಕೇಳುತ್ತದೆ. ಮೊದಲ ವರ್ಷ ಇದು ಕಲಿಯುವವರಿಗೆ ಹುಮ್ಮಸ್ಸು ಕೊಡುತ್ತದೆ, ಐದನೆಯ ವರ್ಷ ದಾರಿ ತಪ್ಪಿಸುತ್ತದೆ. ಗ್ರ್ಯಾಂಡ್‌ನಲ್ಲಿ ಒರಟಾಗಿ ಬಡಿದ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಕರ್ಕಶವಾಗಿ ತಿರುಗಿ ಬಡಿಯುತ್ತದೆ, ಅಳುಕಿ ಒತ್ತಿದ ಸ್ವರ ಹುಟ್ಟುವುದೇ ಇಲ್ಲ. ಬಾಕ್‌ನ ಫ್ಯೂಗ್‌ಗಳಲ್ಲಿ ನಾಲ್ಕು ದನಿಗಳು ಒಟ್ಟಿಗೆ ನಡೆಯುವಾಗ ಒಂದನ್ನು ಮುಂದಕ್ಕೆ ತಂದು ಉಳಿದವನ್ನು ಹಿಂದಿಡುವ ಕೆಲಸ ಈ ಶಿಕ್ಷೆ ಇಲ್ಲದೆ ಕೈಗೆ ಹತ್ತುವುದು ಅಪರೂಪ.

ಪೆಡಲ್‌ನ ವಿಷಯದಲ್ಲಿ ಅಂತರ ಇನ್ನೂ ದೊಡ್ಡದು. ಬಲಗಾಲಿನ ಪೆಡಲ್ ಒತ್ತಿದರೆ ತಂತಿಯ ಕಂಪನವನ್ನು ತಡೆಯುವ ಎಲ್ಲ ಡ್ಯಾಂಪರ್‌ಗಳೂ ಮೇಲೇಳುತ್ತವೆ. ನುಡಿಸಿದ ತಂತಿಯ ಜೊತೆಗೆ ಅದಕ್ಕೆ ಸಂವಾದಿಯಾದ ತಂತಿಗಳೂ ತಾವಾಗಿ ಮಿಡಿಯುತ್ತವೆ. ತಾರದ ತುದಿಯ ಸುಮಾರು ಒಂದೂವರೆ ಸ್ಥಾಯಿಗೆ ಡ್ಯಾಂಪರ್ ಇರುವುದೇ ಇಲ್ಲ, ಆ ತಂತಿಗಳು ಸದಾ ತೆರೆದೇ ಇರುತ್ತವೆ. ಡ್ಯಾಂಪರ್ ತಂತಿಯನ್ನು ಅರ್ಧ ಮುಟ್ಟಿ ಅರ್ಧ ಬಿಟ್ಟ ಸ್ಥಿತಿಯಲ್ಲಿ ಪಾದವನ್ನು ಹಿಡಿದಿಡಬಹುದು. ಇದಕ್ಕೆ ಅರೆಪೆಡಲ್ ಎನ್ನುತ್ತಾರೆ.

ಬೆಥೊವನ್ ‘ಮೂನ್‌ಲೈಟ್’ ಎಂದು ಹೆಸರಾದ ಸೊನಾಟಾದ (ಓಪಸ್ 27, ಸಂಖ್ಯೆ 2, 1801) ಮೊದಲ ಭಾಗವನ್ನು ಪೂರ್ತಿ ಡ್ಯಾಂಪರ್ ಎತ್ತಿಯೇ ನುಡಿಸಬೇಕೆಂದು ಸೂಚಿಸಿದ್ದಾನೆ. ಅವನ ಕಾಲದ ವಿಯೆನ್ನಾ ಪಿಯಾನೊಗಳಲ್ಲಿ ನಾದ ಬೇಗ ಅಡಗುತ್ತಿದ್ದುದರಿಂದ ಅದು ನಡೆಯುತ್ತಿತ್ತು. ಈಗಿನ ಗ್ರ್ಯಾಂಡ್‌ನಲ್ಲಿ ಹಾಗೆಯೇ ಮಾಡಿದರೆ ಒಂದು ಕಾರ್ಡ್ ಇನ್ನೊಂದರ ಮೇಲೆ ಬಿದ್ದು ಕಲಸಿಹೋಗುತ್ತದೆ. ಆದ್ದರಿಂದ ವಾದಕರು ಮಂದ್ರದ ಸ್ವರ ಉಳಿಯುವಂತೆ, ಮೇಲಿನ ಮಬ್ಬು ಮಾತ್ರ ತಿಳಿಯಾಗುವಂತೆ ಪಾದವನ್ನು ಕೂದಲೆಳೆಯಷ್ಟು ಮೇಲೆತ್ತಿ ಮತ್ತೆ ಇಳಿಸುತ್ತಾರೆ. ಎಷ್ಟು ಎತ್ತಬೇಕೆಂಬುದು ಆ ವಾದ್ಯ, ಆ ಕೋಣೆಯ ಮೇಲೆ ನಿಂತಿದೆ, ಕಿವಿಯೇ ಹೇಳಬೇಕು. ಅಗ್ಗದ ಡಿಜಿಟಲ್‌ಗಳ ಜೊತೆ ಬರುವ ಪೆಡಲ್ ಬರೀ ಸ್ವಿಚ್ಚು, ಒತ್ತಿದೆ ಅಥವಾ ಬಿಟ್ಟಿದೆ ಎನ್ನುವುದಷ್ಟೇ ಅದಕ್ಕೆ ಗೊತ್ತು. ಮೇಲ್ದರ್ಜೆಯವು ಅರೆಪೆಡಲನ್ನು ಗುರುತಿಸುತ್ತವೆ, ಆದರೆ ಎಲ್ಲ ಸ್ವರಗಳಿಗೂ ಅಚ್ಚುಕಟ್ಟಾಗಿ ಒಂದೇ ಕಡೆ. ನಿಜವಾದ ಪಿಯಾನೊದ ಡ್ಯಾಂಪರ್‌ಗಳು ಅಷ್ಟು ಶಿಸ್ತಿನವಲ್ಲ.

ಶೂಮನ್‌ನ ‘ಕಾರ್ನಿವಲ್’ ಕೃತಿಯ ‘ಪಗನಿನಿ’ ಭಾಗದ ಕೊನೆ ಡಿಜಿಟಲ್ ಪಿಯಾನೊಗೆ ಒಳ್ಳೆಯ ಪರೀಕ್ಷೆ. ಜೋರಾದ ಕಾರ್ಡ್‌ಗಳ ಬಳಿಕ ಇನ್ನೊಂದು ಕಾರ್ಡನ್ನು ಸದ್ದಾಗದಂತೆ ಒತ್ತಿ ಹಿಡಿದು ಪೆಡಲ್ ಬಿಡಬೇಕು. ಹಿಂದಿನ ಗದ್ದಲ ಇಳಿದಂತೆ ಆ ಕಾರ್ಡ್ ತಾನಾಗಿ ಮೇಲೆದ್ದು ಕೇಳಿಸುತ್ತದೆ. ಶೋನ್‌ಬರ್ಗ್ 1909ರ ಪಿಯಾನೊ ರಚನೆಯಲ್ಲಿ (ಓಪಸ್ 11, ಸಂಖ್ಯೆ 1) ಇದೇ ಗುಣವನ್ನು ಇನ್ನೊಂದು ಬಗೆಯಲ್ಲಿ ಬಳಸಿದ್ದಾನೆ. ಸಂವಾದಿ ಕಂಪನವನ್ನು ಲೆಕ್ಕ ಹಾಕುವ ದುಬಾರಿ ಡಿಜಿಟಲ್‌ಗಳು ಇದನ್ನು ಕೇಳಿಸುತ್ತವೆ, ಸಾಧಾರಣದವು ಸುಮ್ಮನಿರುತ್ತವೆ. ಅಂಗಡಿಯಲ್ಲಿ ಈ ಪ್ರಯೋಗಕ್ಕೆ ಅರ್ಧ ನಿಮಿಷವೂ ಬೇಡ.

ಎಡಗಾಲಿನ ಪೆಡಲ್ ಗ್ರ್ಯಾಂಡ್‌ನಲ್ಲಿ ಇಡೀ ಕೀಲಿಮಣೆಯನ್ನೇ ತುಸು ಪಕ್ಕಕ್ಕೆ ಸರಿಸುತ್ತದೆ; ಸುತ್ತಿಗೆ ಮೂರರ ಬದಲು ಎರಡು ತಂತಿಗೆ ತಾಗಿ ನಾದದ ಬಣ್ಣವೇ ಬದಲಾಗುತ್ತದೆ. ಡಿಜಿಟಲ್‌ಗಳಲ್ಲಿ ಅನೇಕ ವೇಳೆ ದನಿ ಇಳಿಯುತ್ತದೆ, ಅಷ್ಟೆ.

ಡಿಜಿಟಲ್‌ನ ಹೆಚ್ಚುಗಾರಿಕೆ

ಹೆಡ್‌ಫೋನ್ ಹಾಕಿಕೊಂಡು ನಡುರಾತ್ರಿಯಲ್ಲೂ ನುಡಿಸಬಹುದು ಎಂಬ ಒಂದೇ ಕಾರಣಕ್ಕೆ ವೃತ್ತಿಪರ ವಾದಕರೂ ಡಿಜಿಟಲ್ ಇಟ್ಟುಕೊಳ್ಳುತ್ತಾರೆ. (ಕೀ ಬೀಳುವ ಟಕಟಕ ಸದ್ದು ಮಾತ್ರ ನೆಲದ ಮೂಲಕ ಕೆಳಗಿನ ಮನೆಗೆ ಇಳಿಯುತ್ತದೆ, ಅಪಾರ್ಟ್‌ಮೆಂಟ್‌ನಲ್ಲಿ ಕೆಳಗೊಂದು ದಪ್ಪ ಮ್ಯಾಟ್ ಹಾಸುವುದು ಒಳ್ಳೆಯದು.) ಹೊಸ ಕೃತಿಯ ಸ್ವರ ಓದುವುದು, ಬೆರಳು ಗೊತ್ತುಮಾಡುವುದು, ಬಾಯಿಪಾಠ, ಮೆಟ್ರೊನೋಮ್ ಜೊತೆ ನಿಧಾನದ ಅಭ್ಯಾಸ ಇವಕ್ಕೆ ಗ್ರ್ಯಾಂಡ್ ಬೇಕೇಬೇಕೆಂದಿಲ್ಲ. ಒಂದು ವಿಷಯದಲ್ಲಿ ಡಿಜಿಟಲ್ ಗ್ರ್ಯಾಂಡ್‌ಗಿಂತ ನಿಷ್ಠುರ. ನುಡಿಸಿದ್ದನ್ನು ಮಿಡಿಯಾಗಿ ಕಂಪ್ಯೂಟರಿಗೆ ಇಳಿಸಿ ನೋಡಿದರೆ ಯಾವ ಬೆರಳು ತಡವಾಯಿತು, ನಾಲ್ಕನೆಯ ಬೆರಳು ಎಷ್ಟು ದುರ್ಬಲ, ಕಾರ್ಡಿನ ಸ್ವರಗಳು ಒಟ್ಟಿಗೆ ಬಿದ್ದವೇ ಎಂಬುದೆಲ್ಲ ಪರದೆಯ ಮೇಲೆ ಗೆರೆಗೆರೆಯಾಗಿ ಕಾಣುತ್ತದೆ. ಈ ಸೌಲಭ್ಯವನ್ನು ಬಳಸುವವರು ಕಡಿಮೆ ಎನ್ನುವುದೇ ಬೇಸರ.

ಎರಡರ ನಡುವೆ ಹೈಬ್ರಿಡ್ ಎಂಬ ವರ್ಗ ಬೆಳೆದಿದೆ. ಯಮಹಾ 2009ರಲ್ಲಿ ತಂದ ಅವಾಂಟ್‌ಗ್ರ್ಯಾಂಡ್ ಎನ್3ರಲ್ಲಿ ಕೀ, ಜ್ಯಾಕ್, ಸುತ್ತಿಗೆ ಎಲ್ಲ ಗ್ರ್ಯಾಂಡ್‌ನವೇ. ತಂತಿಯ ಜಾಗದಲ್ಲಿ ಸಂವೇದಕಗಳಿವೆ. ಮರುಕಳಿಸುವ ಸ್ವರಗಳ ಅಭ್ಯಾಸಕ್ಕೆ ಇವು ಅಪ್‌ರೈಟ್‌ಗಿಂತ ಮೇಲು. ನಾದ ಮಾತ್ರ ಸ್ಪೀಕರಿನದೇ.

ಕರ್ನಾಟಕದಲ್ಲಿ

ಕರ್ನಾಟಕದಲ್ಲಿ ಪಾಶ್ಚಾತ್ಯ ಪಿಯಾನೊ ಪರಂಪರೆಯ ದೊಡ್ಡ ಹೆಸರು ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್ ಅವರದು. ಸ್ವತಃ ಪಿಯಾನೊ ವಾದಕರಾಗಿದ್ದ ಅವರು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದಿದ್ದರು. ರಷ್ಯಾದ ನಿಕೊಲಾಯ್ ಮೆಡ್ನರ್‌ನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಒದಗಿಸಿದರು. ಮೆಡ್ನರ್ ತನ್ನ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಅವರಿಗೆ ಅರ್ಪಿಸಿದ. ಇಂದು ಬೆಂಗಳೂರಿನಲ್ಲಿ ಎಬಿಆರ್‌ಎಸ್‌ಎಂ ಮತ್ತು ಟ್ರಿನಿಟಿ ಎಂಬ ಬ್ರಿಟಿಷ್ ಸಂಸ್ಥೆಗಳ ಸಂಗೀತ ಗ್ರೇಡ್ ಪರೀಕ್ಷೆಗಳಿಗೆ ಕೂರುವ ಮಕ್ಕಳಲ್ಲಿ ಅನೇಕರು ಮನೆಯಲ್ಲಿ ಅಭ್ಯಾಸ ಮಾಡುವುದು ಡಿಜಿಟಲ್ ಮೇಲೆಯೇ.

ಇದಕ್ಕೆ ಹಣ, ಜಾಗಗಳ ಜೊತೆ ಹವೆಯೂ ಕಾರಣ. ಮಳೆಗಾಲದ ತೇವಕ್ಕೆ ಸ್ಪ್ರೂಸ್ ಫಲಕ ಉಬ್ಬಿ ಶ್ರುತಿ ಏರುತ್ತದೆ, ಬೇಸಗೆಯಲ್ಲಿ ಒಣಗಿ ಇಳಿಯುತ್ತದೆ. ಮಂಗಳೂರು, ಕಾರವಾರಗಳ ಉಪ್ಪುಗಾಳಿಗೆ ತಂತಿ ತುಕ್ಕು ಹಿಡಿಯುತ್ತದೆ, ಕೀಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಗೆದ್ದಲಿನ ಕಾಟ ಬೇರೆ. ವರ್ಷಕ್ಕೆ ಎರಡು ಬಾರಿಯಾದರೂ ಟ್ಯೂನರ್‌ನನ್ನು ಕರೆಸಬೇಕು, ದೊಡ್ಡ ಊರುಗಳಾಚೆ ಅವರು ಸಿಗುವುದೇ ದುರ್ಲಭ. ಡಿಜಿಟಲ್‌ಗೆ ಶ್ರುತಿಯ ಚಿಂತೆ ಇಲ್ಲ. ಆದರೆ ಹತ್ತಾರು ವರ್ಷ ಬಳಸಿದ ಮೇಲೆ ಬಿಡಿಭಾಗ ಸಿಗದೆ ಮೂಲೆ ಸೇರುವುದೂ, ಹಳೆಯ ಮಾದರಿಗೆ ಮರುಮಾರಾಟದ ಬೆಲೆ ಕುಸಿಯುವುದೂ ಸಾಮಾನ್ಯ.

ಶ್ರುತಿ ನಿಲ್ಲದ ಹಳೆಯ ಅಪ್‌ರೈಟ್ ಮತ್ತು ಉದ್ದ ಕೀಗಳ ಒಳ್ಳೆಯ ಡಿಜಿಟಲ್ ಎರಡರಲ್ಲಿ ಒಂದನ್ನು ಆರಿಸಬೇಕಾದರೆ ಡಿಜಿಟಲ್ ತೆಗೆದುಕೊಳ್ಳುವುದೇ ಸರಿ. ಪ್ರಾಥಮಿಕ ಗ್ರೇಡುಗಳಿಗೆ ಅದು ಧಾರಾಳವಾಗಿ ಸಾಕು. ಮೇಲಿನ ಗ್ರೇಡಿಗೆ ಬಂದವರು ಶಾಲೆಯಲ್ಲೋ ಚರ್ಚಿನಲ್ಲೋ ಗುರುಗಳ ಮನೆಯಲ್ಲೋ ವಾರಕ್ಕೆ ಒಂದೆರಡು ಗಂಟೆ ಗ್ರ್ಯಾಂಡ್ ದೊರಕಿಸಿಕೊಳ್ಳಬೇಕು. ದೊರೆತ ಆ ಹೊತ್ತನ್ನು ಬೆರಳಿನ ಕಸರತ್ತಿಗೆ ಕಳೆಯದೆ ಪೆಡಲ್‌ಗೂ ಮೆಲುದನಿಗೂ ಮೀಸಲಿಡಬೇಕು.