ಆಘಾತ: ಪೆಟ್ಟೋ, ಗಾಯವೋ?

ಕನ್ನಡದಲ್ಲಿ ‘ಘಾತ’ದ ಬಳಗ ದೊಡ್ಡದು. ಅಪಘಾತ, ಹೃದಯಾಘಾತ, ವಿಶ್ವಾಸಘಾತ, ಆಘಾತ. ಎಲ್ಲದರ ಬೇರು ಸಂಸ್ಕೃತದ ‘ಹನ್’ ಧಾತು. ಹೊಡೆ, ಕೊಲ್ಲು ಎಂಬ ಅರ್ಥದ್ದು. ಈ ಪದಗಳನ್ನು ಕೇಳಿದ ಕೂಡಲೇ ಒಂದು ಗಳಿಗೆ, ಒಂದು ಏಟು ಮನಸ್ಸಿಗೆ ಬರುತ್ತದೆ. ‘ಟ್ರಾಮಾ’ ಎಂಬುದಕ್ಕೂ ನಾವು ಇದೇ ಆಘಾತವನ್ನು ಒಪ್ಪಿಸಿದ್ದೇವೆ. ಆದರೆ ಗ್ರೀಕಿನಲ್ಲಿ ‘ಟ್ರಾಮಾ’ ಎಂದರೆ ಗಾಯ. ಪೆಟ್ಟು ಹೊಡೆದವರ ಕೈಯಿಂದ ಬಂದದ್ದು, ಗಾಯ ತಿಂದವರ ಬಳಿ ಉಳಿದದ್ದು. ಮನೋವೈದ್ಯಶಾಸ್ತ್ರ ನೂರು ವರ್ಷಕ್ಕೂ ಮೇಲ್ಪಟ್ಟು ಹೊಯ್ದಾಡಿದ್ದು ಇವೆರಡರ ನಡುವೆಯೇ.

ಅದು ಮೊದಲು ಹುಡುಕಿದ್ದು ಪೆಟ್ಟನ್ನು. ರೈಲು ಅಪಘಾತದಲ್ಲಿ ಬದುಕುಳಿದವರನ್ನು ತಿಂಗಳುಗಟ್ಟಲೆ ಕಾಡುತ್ತಿದ್ದ ತೊಂದರೆಗಳಿಗೆ ಬೆನ್ನುಹುರಿಗೆ ಬಿದ್ದ ಏಟೇ ಕಾರಣವೆಂದು 1866ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜಾನ್ ಎರಿಕ್ಸೆನ್ ವಾದಿಸಿದರು. 1915ರಲ್ಲಿ ಬ್ರಿಟಿಷ್ ಮನೋವಿಜ್ಞಾನಿ ಚಾರ್ಲ್ಸ್ ಮೈಯರ್ಸ್ ಮೊದಲ ಮಹಾಯುದ್ಧದ ಸೈನಿಕರ ನರಳಾಟವನ್ನು ‘ಶೆಲ್ ಶಾಕ್’ ಎಂದು ಕರೆದು ಬರೆದರು. ಸಿಡಿಗುಂಡಿನ ಹತ್ತಿರವೂ ಇರದಿದ್ದವರಲ್ಲಿ ಅದೇ ಲಕ್ಷಣಗಳು ಕಂಡಾಗ ಆ ಹೆಸರು ಹೊಂದುವುದಿಲ್ಲವೆಂದು ಅವರಿಗೇ ಅನ್ನಿಸಿತು. 1980ರಲ್ಲಿ, ವಿಯೆಟ್ನಾಂನಿಂದ ಮರಳಿದ ಯೋಧರ ಹೋರಾಟದ ನಂತರ, ಅಮೆರಿಕದ ಮನೋವೈದ್ಯರ ಕೈಪಿಡಿ ‘ಡಿಎಸ್‌ಎಂ’ಗೆ ‘ಪಿಟಿಎಸ್‌ಡಿ’, ಅಂದರೆ ಆಘಾತದ ನಂತರ ಉಳಿಯುವ ಒತ್ತಡದ ಕಾಯಿಲೆ, ಸೇರಿತು. ಆಗಲೂ ಕಾರಣವಾದ ಘಟನೆ ಮನುಷ್ಯರ ಸಾಮಾನ್ಯ ಅನುಭವದ ಆಚೆಗಿನದು ಎಂಬ ವಿವರಣೆ ಅದರ ಜೊತೆಗಿತ್ತು.

ಮಗುವಿನ ಮುಂದೆ ಈ ಮಾತು ನಿಲ್ಲುವುದಿಲ್ಲ. ಕುಡಿದು ಬರುವ ಅಪ್ಪನ ಹೆಜ್ಜೆಸದ್ದಿಗೆ ದಿನಾ ಸಂಜೆ ಮುದುಡುವ ಮಗುವಿಗೆ ಅದೇ ಸಾಮಾನ್ಯ ಅನುಭವ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂವರಲ್ಲಿ ಇಬ್ಬರು ಮಕ್ಕಳು ದೈಹಿಕ ಹಿಂಸೆ ಅನುಭವಿಸಿದ್ದರು. ಇಷ್ಟು ಮಂದಿಯ ಪಾಡನ್ನು ಅಸಾಮಾನ್ಯ ಎನ್ನುವುದು ಹೇಗೆ?

ನಮ್ಮಲ್ಲಿ ಮಗು ಬೆಚ್ಚಿದರೆ ದೃಷ್ಟಿ ತೆಗೆಯುತ್ತಾರೆ, ತಾಯತ ಕಟ್ಟಿಸುತ್ತಾರೆ. ಹೊರಗೆ ಏನನ್ನೋ ಕಂಡು ಹೆದರಿದೆ ಎಂಬ ನಂಬಿಕೆ ಅದರ ಹಿಂದಿದೆ. ಮಗುವಿನ ಭಯ ನಿಜ ಎಂಬ ಒಪ್ಪಿಗೆಯೂ ಇದೆ. ಭಯ ಮನೆಯೊಳಗಿನಿಂದಲೇ ಬಂದಿದ್ದರೆ ಆ ಒಪ್ಪಿಗೆ ಸಿಗುವುದಿಲ್ಲ. ಆಗ ಮಗುವಿಗೆ ಅಂಟುವುದು ಹಟಮಾರಿ, ಮೊಂಡ, ಮಂಕು, ಪುಕ್ಕಲ ಎಂಬ ಹೆಸರುಗಳು. ಗಾಯವನ್ನು ಸ್ವಭಾವ ಎಂದು ಕರೆದುಬಿಡುತ್ತೇವೆ. ಆ ಮಗು ಬೆಳೆದು ಖಿನ್ನತೆಗೋ ಕುಡಿತಕ್ಕೋ ಬಿದ್ದಾಗ ಅದನ್ನೂ ಹಣೆಬರಹಕ್ಕೆ ಹಚ್ಚುತ್ತೇವೆ.

ಈ ಕೊಂಡಿಯನ್ನು ಎಲ್ಲರ ಕಣ್ಣಿಗೆ ಕಾಣಿಸಿದ್ದು ಅಮೆರಿಕದ ವೈದ್ಯರಾದ ವಿನ್ಸೆಂಟ್ ಫೆಲಿಟಿ ಮತ್ತು ರಾಬರ್ಟ್ ಆಂಡಾ. ಸ್ಯಾನ್ ಡಿಯೇಗೊದ 9,508 ವಯಸ್ಕರನ್ನು ಬಾಲ್ಯದ ಹಿಂಸೆ, ಮನೆಯ ಕುಡಿತ, ತಾಯಿಗೆ ಬೀಳುತ್ತಿದ್ದ ಹೊಡೆತ ಮೊದಲಾದ ಏಳು ಬಗೆಯ ಸಂಕಟಗಳ ಬಗ್ಗೆ ಕೇಳಿ 1998ರಲ್ಲಿ ಫಲಿತಾಂಶ ಪ್ರಕಟಿಸಿದರು. ನಾಲ್ಕು ಅಥವಾ ಹೆಚ್ಚು ಬಗೆಯವನ್ನು ಉಂಡವರಲ್ಲಿ ಕುಡಿತ, ಮಾದಕ ವ್ಯಸನ, ಖಿನ್ನತೆ, ಆತ್ಮಹತ್ಯೆಯ ಯತ್ನದ ಅಪಾಯ ಅಂಥದ್ದೇನೂ ಇಲ್ಲದವರಿಗಿಂತ 4ರಿಂದ 12 ಪಟ್ಟು ಹೆಚ್ಚಿತ್ತು. ದೀರ್ಘಕಾಲ ತಪ್ಪಿಸಿಕೊಳ್ಳಲಾಗದ ಹಿಂಸೆಗೆ ಪ್ರತ್ಯೇಕ ರೋಗನಿರ್ಣಯ ಬೇಕೆಂದು ಅಮೆರಿಕದ ಮನೋವೈದ್ಯೆ ಜುಡಿತ್ ಹರ್ಮನ್ 1992ರಲ್ಲೇ ಕೇಳಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಅದು ‘ಕಾಂಪ್ಲೆಕ್ಸ್ ಪಿಟಿಎಸ್‌ಡಿ’ ಎಂಬ ಹೆಸರಿನಲ್ಲಿ ಜಾರಿಗೆ ಬಂದದ್ದು 2022ರಲ್ಲಿ.

ಪದ ಹಿಗ್ಗುವಾಗ ತೆಳುವಾಗುವ ಭಯವೂ ಇದೆ. ಪರೀಕ್ಷೆಯ ಬೇಸರವನ್ನೂ ಆಘಾತ ಎಂದರೆ, ನಿಜಕ್ಕೂ ನೊಂದವರಿಗೆ ಹೇಳಿಕೊಳ್ಳಲು ಪದವೇ ಉಳಿಯುವುದಿಲ್ಲ. ಫೆಲಿಟಿ–ಆಂಡಾ ಎಣಿಸಿದಂತೆ ಸಂಕಟದ ಬಗೆಗಳಿಗೆ ಅಂಕ ಕೂಡಿಸಿ ಒಬ್ಬರ ಭವಿಷ್ಯ ಬರೆಯುವುದೂ ಸಲ್ಲ. ಆ ಅಂಕ ಸಮುದಾಯದ ಅಳತೆಗೆ ಮಾಡಿದ್ದು, ವ್ಯಕ್ತಿಯ ತಪಾಸಣೆಗಲ್ಲ ಎಂದು 2020ರಲ್ಲಿ ಸ್ವತಃ ಆಂಡಾ ಎಚ್ಚರಿಸಿದರು. ಅದೇ ಕಷ್ಟ ಕಂಡ ಇನ್ನೊಬ್ಬರು, ಬೆನ್ನಿಗೆ ನಿಂತ ಒಬ್ಬ ಅಜ್ಜಿಯಿಂದಲೋ ಮೇಷ್ಟ್ರಿಂದಲೋ ಚೇತರಿಸಿಕೊಂಡಿರಬಹುದು.

ಆದ್ದರಿಂದ ಆಘಾತ ಎನ್ನುವಾಗ ನಾವು ಕೇಳಬೇಕಾದವು ಮೂರು: ನೋವು ಎಷ್ಟು ಕಾಲ ನಡೆಯಿತು, ಯಾರಿಂದ ಬಂತು, ಆಗ ಜೊತೆಗೆ ಯಾರಿದ್ದರು. ತರಗತಿಯ ಮೂಲೆಯಲ್ಲಿ ಕೂತ ಮಗುವನ್ನು ಮೊಂಡ ಎನ್ನುವ ಮೊದಲು ಶಿಕ್ಷಕರು, ಮಾತ್ರೆ ಬರೆಯುವ ಮೊದಲು ವೈದ್ಯರು ಇವನ್ನು ಕೇಳಿಕೊಳ್ಳಲಿ. ಮೂರನೆಯ ಪ್ರಶ್ನೆಗೆ ‘ಯಾರೂ ಇರಲಿಲ್ಲ’ ಎಂಬ ಉತ್ತರ ಬಂದರೆ, ಚಿಕಿತ್ಸೆ ಶುರುವಾಗಬೇಕಾದದ್ದು ಅಲ್ಲಿಂದಲೇ.